ಐಪ್ಟೇಸಿಯಾ ತಿನ್ನೋ ಪ್ರಾಣಿ ಬಿಟ್ಟು ನೋಡಿದವ್ರು ಯಾರರ ಅದಾರೇನ್ರಿ? (ಹುಬ್ಬಳ್ಳಿ, ನಾಕ ಫೂಟಿನ ರೀಫ್ ಟ್ಯಾಂಕ್)

ಉಪ್ಪುನೀರು_ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ್ರಿ. ಐಪ್ಟೇಸಿಯಾ ಅಂದ್ರ ಟ್ಯಾಂಕಿನ್ಯಾಗ ಕಳೆಯಂಗ ಹಬ್ಬೋ, ಕುಟುಕೋ ಒಂದ್ ಸಣ್ಣ ಸಮುದ್ರಹೂ (ಸೀ ಅನಿಮೋನ್), ಗಿಡ ಅಲ್ಲ, ಪ್ರಾಣಿ. ವಿದ್ಯಾನಗರದಾಗ ಮನಿ, ನಾಕ ಫೂಟಿನ ಉಪ್ಪುನೀರಿನ ಹವಳದ ಟ್ಯಾಂಕ್, ಸುಮಾರು 240 ಲೀಟರ್, ಚಾಲೂ ಮಾಡಿ ಎರಡೂವರಿ ವರ್ಷ ಆತು. ಹವಳದಂಥಾವು ಅಂದ್ರ ಜೋಯಾ, ಮಶ್ರೂಮ್, ಎರಡ್ ಲೆದರ್ ಅದಾವು, ಮೀನಂದ್ರ ಎರಡ್ ಕ್ಲೌನು, ಒಂದ್ ಸಿಕ್ಸ್‌ಲೈನ್ ರಾಸು, ಒಂದ್ ಗೋಬಿ. ಹೋದ ದೀಪಾವಳಿ ಟೈಮಿಗೆ ಒಂದ್ ಫ್ರ್ಯಾಗ್ (ಹವಳದ ತುಂಡು) ತಂದಿದ್ದೆ, ಅದರ ಬುಡದಾಗ ಗಾಜಿನಂಗ ಕಾಣೋ ಒಂದ್ ಸಣ್ಣ ಹೂವಿನಂಥಾದ್ದು ಇತ್ತು, ಮಗಳು ಪಪ್ಪಾ ಪುಕ್ಕಟೆ ಹೂ ಬಂದೈತಿ ಅಂದ್ಲು, ನಾನೂ ಖುಷಿ ಆದೆ. ಅದ ಐಪ್ಟೇಸಿಯಾ. ಆ ಪುಕ್ಕಟೆ ಹೂ ಈಗ ಎಣಿಸಿದ್ರ ಅರವತ್ತರ ಮ್ಯಾಲೆ ಅದಾವ್ರಿ. ಓವರ್‌ಫ್ಲೋದಾಗ (ನೀರ ಹೊರಗ ಇಳಿಯೋ ಬಾಯಿ), ಪಂಪಿನ ಹಿಂದ, ಜೋಯಾ ನಡುನಡುವ, ಎಲ್ಲಿ ನೋಡಿದ್ರೂ ಅವ. ಜೋಯಾ ಮುಟ್ಟಿದಲ್ಲೆಲ್ಲಾ ಸುಟ್ಟಂಗ ಮುಚಗೊಂಡು ಕುಂತಾವು, ತೆರ್ಯಾಂಗೇ ಇಲ್ಲ.

ಮೊದ್ಲು ಬ್ಲೇಡ್ ತಗೊಂಡು ಕೆರದೆ. ಒಂದ್ ಇದ್ದಲ್ಲೆ ಹದಿನೈದು ದಿನಕ್ಕ ಎಂಟ್ ಎದ್ದು ನಿಂತ್ವು. ಆಮ್ಯಾಲೆ ಸಿರಿಂಜಿನ್ಯಾಗ ಲಿಂಬಿಹುಳಿ ಹಾಕಿ ಚುಚ್ಚಿದೆ, ಸೂಜಿ ಹತ್ರ ಹೋಗೋದ್ರಾಗ ಸರಕ್ ಅಂತ ಕಲ್ಲಿನ ತೂತಿನ್ಯಾಗ ಹೊಕ್ಕೊಂಡ್ ಬಿಡ್ತಾವು. ಈಗ ನೋಡಿದ್ರ ಎಲ್ಲಾರೂ ತಿನ್ನೋ ಪ್ರಾಣಿ ಬಿಡ್ರಿ ಅಂತಾರ, ಒಬ್ರು ಶ್ರಿಂಪ್ (ಸಿಗಡಿ) ಅಂತಾರ, ಒಬ್ರು ಮೀನ ಅಂತಾರ. ಖರೇನ ಬಿಟ್ಟು ನೋಡಿದವ್ರು ಹೇಳ್ರಿ, ವಿಡಿಯೋ ನೋಡಿ ಹೇಳೋರು ಬ್ಯಾಡ.

ಕೇಶ್ವಾಪುರ_ಕಾಕಾ:
ಏ ತಮ್ಮಾ, ಬ್ಲೇಡ್ ಹಚ್ಚಿದ್ದು ನೀ ಮಾಡಿದ ಮೊದಲ್ನೇ ತಪ್ಪು. ಅದರ ತಳಾ ಹರದು ಉಳದ ಒಂದ್ ಚೂರು ಸಾಕು, ಅದ ಮತ್ತೊಂದ್ ಆಗ್ತೈತಿ. ಯಾರೂ ಕೆರೀಲಿಲ್ಲಂದ್ರೂ ತಾನ ಸರದಾಡ್ಕೋತ ಹಿಂದ ಚೂರು ಬಿಟಗೋತ ಹೊಕ್ಕೈತಿ, ನೀ ಕೆರದು ಅದಕ್ಕ ಬಿತ್ತಗಿ ಮಾಡಿಕೊಟ್ಟಿ ಅಷ್ಟ.

ನಾ ಏನೇನ್ ಮಾಡಿ ಕೆಟ್ಟೇನಿ ಅಂತ ಹೇಳ್ತೀನಿ ಕೇಳು. ಮೊದ್ಲು ಸುಣ್ಣ. ಹೊರಗಿನ ಮಂದಿ ಕಾಲ್ಕ್‌ವಾಸರ್ ಅಂತ ದೊಡ್ಡ ಹೆಸರ ಇಟ್ಟಾರ, ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದ್ರ ನಮ್ಮ ಸುಣ್ಣನ. ಗಟ್ಟಿ ಪೇಸ್ಟ್ ಮಾಡಿ ಬಾಯಾಗ ಇಟ್ರ ಸುಟ್ಟು ಹೊಕ್ಕೈತಿ, ಸುಳ್ಳಲ್ಲ. (ನಿಮ್ಮವ್ವನ ಎಲಿಅಡಕಿ ಡಬ್ಬಿಗೆ ಕೈ ಹಾಕಬ್ಯಾಡ, ಅದರಾಗ ಏನ ಬೆರಸಿರ್ತಾರೋ, ಅಕ್ವೇರಿಯಂದ್ದ ಬಳಸು.) ಖರೆ ನಾ ಏನ್ ಮಾಡಿದೆ, ಒಂದ ಐತವಾರ ಕುಂತು ಮೂವತ್ತಕ್ಕ ಹಾಕಿದೆ, ಪಿಎಚ್ 8.2 ಇದ್ದದ್ದು ಸಂಜೀ ಅನ್ನೋದ್ರಾಗ 8.9 ಆತು, ಮರುದಿನ ಮುಂಜಾನೆ ಕ್ಲೀನರ್ ಶ್ರಿಂಪ್ ಅಡ್ಡ ಬಿದ್ದಿತ್ತು. ದಿನಕ್ಕ ಮೂರೋ ನಾಕೋ, ಹೆಚ್ಚ ಬ್ಯಾಡ.

ಆಮ್ಯಾಲೆ ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನ ತಂದೆ. ಚಂದ ಅಂದ್ರ ಚಂದ, ಕೊಕ್ಕರಿ ಚುಂಚಿನಂಥಾ ಮೂತಿ. ಮೂರು ವಾರದಾಗ ಟ್ಯಾಂಕ್ ಸಾಫ್ ಮಾಡ್ತು, ನಾನು ಓಣಿ ತುಂಬ ಹೇಳ್ಕೋತ ತಿರಗಾಡಿದೆ. ನಾಕನೇ ವಾರದಿಂದ ಅದಕ್ಕ ತಿನ್ನಾಕ ಏನೂ ಉಳೀಲಿಲ್ಲ, ಫ್ರೋಜನ್ ಮೈಸಿಸ್ (ಸಣ್ಣ ಸಿಗಡಿಯಂಥಾದ್ದು, ಮೀನಿಗೆ ಹಾಕೋ ಊಟ) ಮೂಸಿ ನೋಡಿ ಹೊಳ್ಳಿ ಹೋಗೋದು. ನನ್ನ ಚಂದನ್ನ ಫೆದರ್ ಡಸ್ಟರ್ ಹುಳ ಎಲ್ಲಾ ಕಿತ್ತಿ ತಿಂತು, ಅವೂ ಮುಗದ್ವು. ಬೆನ್ನು ಚೂರಿಯಂಗ ಆಗಿ ಎರಡ ತಿಂಗಳಿಗೆ ಹೋತು. ನನ್ನ ಕಣ್ಣ ಮುಂದ ಹಸದು ಸತ್ತದ್ದು ಅದು. ಆ ಮೀನಿಗೆ ನಿನ್ನ 240 ಲೀಟರ್ ಸಾಲಂಗಿಲ್ಲ, ಅದರ ಹೆಸರ ತಗೀಬ್ಯಾಡ.

ಗದಗ_ನ್ಯಾನೋ:
ಅಣ್ಣಾ ಪೆಪ್ಪರ್‌ಮಿಂಟ್ ಶ್ರಿಂಪ್ ಹಾಕ್ರಿ, ನಮ್ಮ ಗೆಳ್ಯಾ ಹಾಕಿದ್ದ, ನಾಕ ಬಿಟ್ರ ಒಂದ ತಿಂಗಳದಾಗ ಕ್ಲೀನ್. ಸೋವಿನೂ ಹೌದು. ನಂದೂ 40 ಲೀಟರ್ ನ್ಯಾನೋ ಐತಿ, ಅದರಾಗೂ ಅಂಥಾವ ಐದಾರ್ ಅದಾವು, ಗಿಡ್ಡಗ, ತುದಿ ಗುಂಡಗ ಹಸರ. ನಿಮ್ದು ಏನಾಗ್ತೈತಿ ನೋಡಿ ನಾನೂ ತರ್ತೀನಿ 😄

ಮತ್ತ ಯಾರರ ಕಾರವಾರದಿಂದ ಕ್ಯಾನಿನ್ಯಾಗ ಸಮುದ್ರದ ನೀರ ತಂದು ಹಾಕೀರೇನು? ಉಪ್ಪಿನ ಬಕೆಟ್ ಭಾಳ ತುಟ್ಟಿ ಆಗೇತಿ.

ಕೇಶ್ವಾಪುರ_ಕಾಕಾ:
ತಂದಿದ್ದೆ. ಮಳಿಗಾಲದಾಗ ಕಾಳಿ ನದಿ ನೀರ ಕೂಡಿ ಉಪ್ಪ ಇಳದಿರ್ತೈತಿ, ದಂಡಿ ನೀರಿನ್ಯಾಗ ರಾಡಿ ಬ್ಯಾರೆ. ಹೋಗೋದು ಬರೋದು ಡೀಸೆಲ್ ಹಿಡದ್ರ ಉಪ್ಪಿನ ಬಕೆಟ್ಟ ಸಸ್ತಾ ಬೀಳ್ತೈತಿ. ಇದು ಬ್ಯಾರೆ ಮಾತು, ಬಿಡು.

ಪೇಡೆನಗರಿ:
ಧಾರವಾಡದಾಗ ಪ್ರಾಣಿಶಾಸ್ತ್ರ ಕಲಸ್ತೀನಿ, ಮನ್ಯಾಗ ಒಂದು ಸಣ್ಣ ರೀಫ್ ಅದ. ಪೆಪ್ಪರ್‌ಮಿಂಟ್ ಬಗ್ಗೆ ಎರಡು ಮಾತು ಹೇಳ್ತೀನಿ, ಯಾಕಂದ್ರ ಇಲ್ಲೇ ಎಲ್ಲಾರೂ ಮೋಸ ಹೋಗೋದು.

ಐಪ್ಟೇಸಿಯಾ ತಿಂತಾವ ಅಂತ ಹೆಸರಾದದ್ದು ಲಿಸ್ಮಾಟಾ ವುರ್ಡೆಮಾನಿ, ಲಿಸ್ಮಾಟಾ ಬಾಗ್ಗೆಸೀ ಇಂಥಾವು, ಅವು ಅಟ್ಲಾಂಟಿಕ್ ಕಡಿಯವು, ಫ್ಲಾರಿಡಾ ಕೆರಿಬಿಯನ್ ಸುತ್ತಮುತ್ತ. ನಮ್ಮ ಕಡೆ ಸಮುದ್ರದಾಗ ಸಿಗೋದು ಬ್ಯಾರೆ. ಇಂಡೋ-ಪೆಸಿಫಿಕ್‌ನ್ಯಾಗ ರಿಂಕೋಸಿನೆಟಿಸ್ ಡರ್ಬನೆನ್ಸಿಸ್ ಅಂತ ಒಂದದ, ಕ್ಯಾಮಲ್ ಶ್ರಿಂಪ್ ಅಂತಾರ, ಅದನ್ನ ಪೆಪ್ಪರ್‌ಮಿಂಟ್ ಅಂತ ಮಾರಿದ್ರ ಹೊಸಬರಿಗೆ ಗೊತ್ತಾಗಂಗಿಲ್ಲ. ಅದು ಐಪ್ಟೇಸಿಯಾ ಬಿಟ್ಟು ನಿಮ್ಮ ಜೋಯಾ ಮಶ್ರೂಮ್ ತಿಂತದ.

ಗುರ್ತು ಹಿಡಿಯೋದು ಸರಳ ಅದ. ಪೆಪ್ಪರ್‌ಮಿಂಟಿಗೆ ಮೈ ಅರ್ಧ ಪಾರದರ್ಶಕ, ಅದರ ಮ್ಯಾಲೆ ತೆಳ್ಳನ ಕೆಂಪು ಗೆರಿ, ಬೆನ್ನು ಸಪಾಟ. ಕ್ಯಾಮಲ್‌ಗೆ ಹೆಸರಿನಂಗ ಬೆನ್ನ ಮ್ಯಾಲೆ ಡುಬ್ಬ, ಕೆಂಪಿನ ನಡುವ ಢಾಳಾಗಿ ಬಿಳೇ ಗೆರಿ ಬಿಳೇ ಚುಕ್ಕಿ, ಕಣ್ಣು ದೊಡ್ಡವು, ಮೂಗಿನ ಕೊಂಬು ಮ್ಯಾಲೆ ಕೆಳಗ ಅಲ್ಲಾಡ್ತದ. ಬಿಳೇ ಗೆರಿ ಕಂಡ್ರ ತಗೋಬ್ಯಾಡ್ರಿ, ಅಂಗಡಿಯವರು ಏನರ ಹೇಳ್ಲಿ.

ಮತ್ತ ಖರೇ ಪೆಪ್ಪರ್‌ಮಿಂಟ್ ಆದ್ರೂ ಹೊಟ್ಟಿ ತುಂಬಿದ್ರ ಅದು ಐಪ್ಟೇಸಿಯಾ ಕಡೆ ನೋಡಂಗಿಲ್ಲ. ರಾತ್ರಿ ತಿರಗಾಡೋ ಪ್ರಾಣಿ, ಮೀನಿಗೆ ಹಾಕಿದ ಊಟ ಉಳದ್ರ ಅದನ್ನ ತಿಂದು ಮಲಗ್ತದ. ಸಣ್ಣ ಐಪ್ಟೇಸಿಯಾ ತಿಂತದ, ದೊಡ್ಡದನ್ನ ಬಿಡ್ತದ.

ಒಂದು ತಮಾಷಿ: ನೀವು ಕೊಲ್ಲಲಿಕ್ಕೆ ಒದ್ದಾಡೋ ಇದನ್ನ ಲ್ಯಾಬಿನ್ಯಾಗ ಮುದ್ದು ಮಾಡಿ ಸಾಕ್ತಾರ. ಎಕ್ಸೈಪ್ಟೇಸಿಯಾ ಡಯಾಫನಾ ಅಂತ ಈಗಿನ ಹೆಸರು. ಹವಳದಂಗ ಇದರ ಮೈಯೊಳಗೂ ಪಾಚಿ ಇರ್ತಾವು, ಹವಳಕ್ಕಿಂತ ಸಾಕೋದು ಸರಳ, ಹಿಂಗಾಗಿ ಹವಳ ಯಾಕ ಬೆಳ್ಳಗಾಗ್ತದ ಅನ್ನೋ ಸಂಶೋಧನಾ ಇದರ ಮ್ಯಾಲೆ ನಡೀತದ. 2015ರೊಳಗ ಇದರ ಜೀನೋಮ್ (ಪೂರ್ತಿ ವಂಶವಾಹಿ) ಓದಿ ಮುಗಿಸ್ಯಾರ.

ಉಪ್ಪುನೀರು_ಹುಬ್ಬಳ್ಳಿ:
ಮೇಡಂ ನಿಮ್ಮ ಮಾತು ಎರಡ ದಿನ ಮೊದ್ಲು ಓದಿದ್ರ ಬದುಕ್ತಿದ್ದೆ. ನಾ ತಡೀಲಾರದ ಬೆಂಗಳೂರಿನ ಒಂದ್ ಅಂಗಡಿಯಿಂದ ನಾಕ "ಪೆಪ್ಪರ್‌ಮಿಂಟ್" ತರ್ಸಿದ್ದೆ, ರಾತ್ರಿ ಬಸ್ಸಿನ್ಯಾಗ ಥರ್ಮಾಕೋಲ್ ಡಬ್ಬಿ ಬಂತು, ಮುಂಜಾನೆ ಐದಕ್ಕ ಹೋಗಿ ಇಳಿಸ್ಕೊಂಡೆ, ಒಂದೂವರಿ ತಾಸು ಟ್ಯಾಂಕಿನ ನೀರ ಹನಿಹನಿ ಡ್ರಿಪ್ ಹಾಕಿ ಬಿಟ್ಟೆ. ನಿಮ್ಮ ಪೋಸ್ಟ್ ಓದಿ ಟಾರ್ಚ್ ಹಿಡದು ನೋಡ್ತೀನಿ, ಡುಬ್ಬನೂ ಐತಿ, ಬಿಳೇ ಗೆರಿನೂ ಐತಿ, ಕಣ್ಣ ನನ್ನ ಕಡೆ ನೋಡಿ ನಕ್ಕಂಗ ಇತ್ತು.

ಒಂದ ರಾತ್ರಿಗೆ ಕೇಸರಿ ಬಣ್ಣದ ಜೋಯಾ ಹನ್ನೊಂದು ಬಾಯಿ ಖಾಲಿ. ಐಪ್ಟೇಸಿಯಾ ಒಂದನ್ನೂ ಮುಟ್ಟಿಲ್ಲ, ಒಂದ್ ಕ್ಯಾಮಲ್ ಅಂತೂ ಐಪ್ಟೇಸಿಯಾ ಬಾಜೂಕ ನಿಂತು ಜೋಯಾ ತಿನ್ನಾಕತ್ತಿತ್ತು, ನೆರಮನಿಯವ್ರ ಅನ್ನೋಹಂಗ. ಅಂಗಡಿಗೆ ಫೋನ್ ಹಚ್ಚಿದ್ರ ನಮ್ಮ ಕಡೆ ಇದಕ್ಕ ಪೆಪ್ಪರ್‌ಮಿಂಟ್ ಅಂತೀವಿ ಸಾರ್ ಅಂದ. ಮುಗೀತು. ಮೂರು ಹಿಡದು ಸಂಪಿಗೆ (ಟ್ಯಾಂಕಿನ ಕೆಳಗಿನ ಫಿಲ್ಟರ್ ಡಬ್ಬಿ) ಹಾಕೀನಿ, ನಾಕನೇದ್ದು ಇನ್ನೂ ಕಲ್ಲಿನ ಹಿಂದ ಐತಿ.

ಬ್ಯಾಡಗಿ_ಖಾರ:
ಅಣ್ಣಾರ, ನಾ ಉಪ್ಪುನೀರಿನವ ಅಲ್ಲ, ಮೆಣಸಿನಕಾಯಿ ಬೆಳ್ಯಾಂವ, ಮನ್ಯಾಗ ಬರೇ ಗಪ್ಪಿ ಅದಾವು. ಖರೆ ಇದನ್ನ ಓದಿ ನಮ್ಮ ಹೊಲದ ಕತಿನ ಅನ್ನಿಸ್ತು, ಅದಕ್ಕ ಬರ್ಯಾಕತ್ತೀನಿ.

ಕಾಂಗ್ರೆಸ್ ಕಸ ಎಲ್ಲಾರಿಗೂ ಗೊತ್ತಲ್ಲ, ಪಾರ್ಥೇನಿಯಂ. ಅದನ್ನ ತಿನ್ನಾಕ ಮೆಕ್ಸಿಕೋದಿಂದ ಒಂದ್ ಜೀರುಂಡಿ ತಂದ್ರು, ಜೈಗೋಗ್ರಾಮಾ ಅಂತ, ಹಳದಿ ಬೆನ್ನ ಮ್ಯಾಲೆ ಕರೇ ಗೆರಿ, 1984ರಾಗ ಬೆಂಗಳೂರಾಗ ಬಿಟ್ರು. ಬಿಡೂಕಿಂತ ಮೊದ್ಲು ಬ್ಯಾರೆ ಬ್ಯಾರೆ ಬೆಳಿ ಮುಂದ ಇಟ್ಟು ಇದು ಮತ್ತೇನರ ತಿಂತೈತೇನು ಅಂತ ಪರೀಕ್ಷಾ ಮಾಡಿದ್ರು. ಅಷ್ಟ ಮಾಡಿದ್ರೂ ಮುಂದ ಸೂರ್ಯಕಾಂತಿ ಎಲಿ ಮ್ಯಾಲೆ ಕಂಡ್ತು ಅಂತ ದೊಡ್ಡ ಗದ್ದಲ ಎದ್ತು. ಕಡೀಕ ನೋಡಿದ್ರ ಸೂರ್ಯಕಾಂತಿ ಎಲಿ ಮ್ಯಾಲೆ ಕಾಂಗ್ರೆಸ್ ಕಸದ ಪರಾಗ ಬಿದ್ದಿರ್ತಿತ್ತು, ಅದರ ವಾಸನಿಗೆ ಬಾಯಿ ಹಾಕ್ತಿತ್ತು ಅಂತ ಗೊತ್ತಾತು. ಮಳಿ ಬಿದ್ದಮ್ಯಾಲೆ ಈಗೂ ನಮ್ಮ ಬದುವಿನ್ಯಾಗ ಆ ಹುಳ ಕಾಣ್ತಾವು, ಗಿಡ ಬೋಳ ಮಾಡ್ತಾವು, ಖರೆ ಕಸ ಪೂರ್ತಿ ಹೋಗಿಲ್ಲ ನೋಡ್ರಿ.

ಈಗ ನನ್ನ ಪ್ರಶ್ನೆ ಇಷ್ಟ. ನಿಮ್ಮ ಮೀನ, ನಿಮ್ಮ ಶ್ರಿಂಪ್ ಎಲ್ಲಾ ತಿನ್ನೋವು. ಎಲ್ಲಾ ತಿನ್ನೋದನ್ನ ಬಿಟ್ರ ಅದು ರುಚಿ ಹತ್ತಿದ್ದನ್ನ ಮೊದ್ಲು ತಿಂತೈತಿ, ನಿಮ್ಮ ಕಳೆ ಅದಕ್ಕ ಕಡೀ ತುತ್ತು. ಐಪ್ಟೇಸಿಯಾ ಒಂದನ್ನ ಬಿಟ್ಟು ಬ್ಯಾರೇದ್ದು ಮೂಸಿನೂ ನೋಡದಂಥಾ ಪ್ರಾಣಿ ಇಲ್ಲೇನ್ರಿ ನಿಮ್ಮಲ್ಲೆ?

ಪೇಡೆನಗರಿ:
ಬ್ಯಾಡಗಿ ಅಣ್ಣಾರ, ಇಷ್ಟು ದಿನದಾಗ ಯಾರರ ಕೇಳಬೇಕಾಗಿತ್ತು ಈ ಪ್ರಶ್ನೆ, ನೀವು ಕೇಳಿದ್ರಿ.

ಅದ. ಬರ್ಗಿಯಾ ಸ್ಟೆಫನಿಯೇ ಅಂತ ಸಮುದ್ರದ ಗೊಂಡೆಹುಳ, ನುಡಿಬ್ರ್ಯಾಂಕ್ ಜಾತಿ, ಚಿಪ್ಪಿಲ್ಲದ ಶಂಖದಹುಳ ಅನ್ರಿ. ಎರಡು ಮೂರು ಸೆಂಟಿಮೀಟರ್ ಅಷ್ಟ. ಮೊದ್ಲು ಅಂಗಡಿಯೊಳಗ ಬರ್ಗಿಯಾ ವೆರುಸಿಕಾರ್ನಿಸ್ ಅಂತ ಮಾರ್ತಿದ್ರು, ಅದು ಬ್ಯಾರೇನ ಅಂತ 2005ರೊಳಗ ಫ್ಲಾರಿಡಾದ ಹುಳಕ್ಕ ಈ ಹೊಸ ಹೆಸರು ಬಂತು. ಅದರ ಊಟ ಐಪ್ಟೇಸಿಯಾ ಮಾತ್ರ. ಜೋಯಾ ಮ್ಯಾಲೆ ಹಾದು ಹೋಗ್ತದ, ಕಚ್ಚಂಗಿಲ್ಲ. ಐಪ್ಟೇಸಿಯಾದ ಕುಟುಕು ಕಣಗಳನ್ನ ಒಡೀಲಾರದಂಗ ನುಂಗಿ ತನ್ನ ಬೆನ್ನ ಮ್ಯಾಲಿನ ಗೊಂಡೆ ತುದಿಯೊಳಗ ಇಟಗೋತದ, ಕಳ್ಳನ ಕೈಯಾಗಿನ ಕತ್ತಿ ಕಸಗೊಂಡಂಗ.

ಆದ್ರ ಐಪ್ಟೇಸಿಯಾ ಮುಗೀತಂದ್ರ ಇದೂ ಹಸದು ಸಾಯ್ತದ. ಕಾಕಾರ ಕಾಪರ್‌ಬ್ಯಾಂಡ್ ಮೈಸಿಸ್ ತಿನ್ಲಿಕ್ಕೆ ಕಲೀಬಹುದಿತ್ತು, ಇದು ಏನೂ ಕಲಿಯಂಗಿಲ್ಲ. ಮತ್ತ ಒಂದೋ ಎರಡೋ ಬಿಟ್ರ ಉಪಯೋಗಿಲ್ಲ, ಆರೆಂಟರ ಬೇಕು, ಮೊಟ್ಟಿ ಇಟ್ಟು ಹತ್ತು ಹನ್ನೆರಡು ದಿನಕ್ಕ ಮರಿ ಬರ್ತಾವು, ಅವು ಬೆಳದು ತಿನ್ಲಿಕ್ಕೆ ಹತ್ತಿದ ಮ್ಯಾಲೆ ಫರಕ್ ಕಾಣ್ತದ. ಎರಡು ಮೂರು ತಿಂಗಳು ತಾಳ್ಮಿ ಬೇಕು. ಪಂಪಿನ ಬಾಯಿಗೆ ಸ್ಪಂಜ್ ಕಟ್ಟ್ರಿ. ಮತ್ತ ನಿಮ್ಮ ಸಿಕ್ಸ್‌ಲೈನ್! ಅದಿದ್ರ ಬರ್ಗಿಯಾ ಅಂದ್ರ ಅದಕ್ಕ ನಾಷ್ಟಾ. ಶ್ರಿಂಪೂ ಇರಬಾರದು.

ಇನ್ನೊಂದು, ಕಲ್ಲಿನ ಕೂಡ ಈ ಹುಳ ಬರ್ತದ ಅಂತ ಯಾರರ ರಾಮೇಶ್ವರಂ ಕಡಿಯಿಂದ ಲೈವ್ ರಾಕ್ (ಸಮುದ್ರದ ಹವಳದ ಕಲ್ಲು) ತರಲಿಕ್ಕೆ ಹೋಗಬ್ಯಾಡ್ರಿ. ಗಟ್ಟಿ ಹವಳ ಎಲ್ಲಾ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ್ನೇ ಅನುಸೂಚಿಯೊಳಗ ಅದಾವು, ಹುಲಿ ಇದ್ದ ಪಟ್ಟಿ. ಜೀವ ಇದ್ರೂ ಅಷ್ಟ, ಸತ್ತು ಕಲ್ಲಾಗಿದ್ರೂ ಅಷ್ಟ.

ಗದಗ_ನ್ಯಾನೋ:
ಮೇಡಂ ನಂದು ಫೋಟೋ ಹಾಕೀನಿ ನೋಡ್ರಿ, ನನಗೂ ಬರ್ಗಿಯಾ ಬೇಕು

ಪೇಡೆನಗರಿ:
ತಮ್ಮಾ, ನಿಂದು ಐಪ್ಟೇಸಿಯಾನ ಅಲ್ಲ, ಅದು ಮಜಾನೋ, ಇನ್ನೊಂದು ಜಾತಿ ಸಮುದ್ರಹೂ. ಗಿಡ್ಡ, ತುದಿ ಗುಂಡು, ಹಸರು ಅಂದಾಗನ ಡೌಟ್ ಬಂದಿತ್ತು. ಬರ್ಗಿಯಾ ಅದನ್ನ ಮುಟ್ಟಂಗಿಲ್ಲ. ಇರೋದು ಬರೇ ಐದಾರ ಅಲ್ಲೇನು, ಆ ಕಲ್ಲ ಹೊರಗ ತಗದು ಕಾಕಾರ ಸುಣ್ಣ ಹಚ್ಚು, ಇಲ್ಲಾ ಕಲ್ಲಿನ ಆ ಭಾಗನ ಒಡದು ಒಗಿ.

ಗದಗ_ನ್ಯಾನೋ:
ಅಯ್ಯೋ 🙏 ರೊಕ್ಕ ಉಳೀತು

ಉಪ್ಪುನೀರು_ಹುಬ್ಬಳ್ಳಿ:
ಭಾಳ ದಿನ ಆತು, ಅಪ್‌ಡೇಟ್. ಪುಣೆಯೊಳಗ ಒಬ್ರು ಮನ್ಯಾಗ ಬರ್ಗಿಯಾ ಮರಿ ಮಾಡ್ತಾರಂತ ಗೊತ್ತಾಗಿ ಎಂಟು ತರ್ಸಿದೆ. ಸಿಕ್ಸ್‌ಲೈನ್ ಹಿಡದ ಮ್ಯಾಲೆ ಬಿಡಬೇಕಂತ ಮೇಡಂ ಹೇಳಿದ್ರು, ನಾನು ರಾತ್ರಿ ಮೀನ ಮಲಗಿರ್ತೈತಿ ಬಿಡು ಅಂತ ಲೈಟ್ ಆರಿಸಿ ಮೂರು ಬಿಟ್ಟು ನೋಡಿದೆ, ಉಳದ ಐದು ಡಬ್ಬಿಯೊಳಗ ಇದ್ವು, ಅಷ್ಟರ ಬುದ್ಧಿ ಇತ್ತು. ಮುಂಜಾನೆ ಲೈಟ್ ಹತ್ತೂದ ತಡ, ಒಂದ ಕಲ್ಲಿನ ಮ್ಯಾಲೆ ಬಯಲಾಗ ಕುಂತಿತ್ತು, ಸಿಕ್ಸ್‌ಲೈನ್ ಬಂತು, ಒಂದ್ ಸಲ ಕತ್ತು ಓರಿ ಮಾಡಿ ನೋಡ್ತು, ಗಪ್. ಐದನೂರು ರೂಪಾಯಿ. ಮತ್ತ ಎರಡನೇದ್ದನ್ನೂ. ಮೂರನೇದ್ದು ಎಲ್ಲಿ ಹೋತೋ ದೇವರಿಗೆ ಗೊತ್ತು.

ಆಮ್ಯಾಲೆ ಮೀನ ಹಿಡಿಯೋ ಕಾರ್ಯಕ್ರಮ. ಜಾಳಿಗಿ ಹಾಕಿದ್ರ ಕಲ್ಲಿನ್ಯಾಗ ಮಾಯ. ಕಡೀಕ ಒಂದ್ ಲೀಟರಿನ ನೀರಿನ ಬಾಟ್ಲಿ ತಗೊಂಡು ಕುತಗಿ ಕತ್ತರಿಸಿ ತಿರುವಿ ಒಳಗ ಹೊಕ್ಕಿಸಿದೆ, ಬುಡದಾಗ ಸಣ್ಣ ತೂತು ಮಾಡಿ ಒಳಗ ಎರಡ ಕಲ್ಲು, ಮೈಸಿಸ್ ಒಂದ್ ತುಂಡು. ಮೊದಲ್ನೇ ದಿನ ಕ್ಲೌನ್ ಬಿತ್ತು. ಎರಡನೇ ದಿನಾನೂ ಕ್ಲೌನ. ಮೂರನೇ ದಿನ ಸಿಕ್ಸ್‌ಲೈನ್ ಬಾಟ್ಲಿ ಬಾಯಿತನಾ ಬಂದು ಹೊಳ್ಳಿ ಹೋತು. ಅವತ್ತಿನಿಂದ ಟ್ಯಾಂಕಿಗೆ ಊಟ ಬಂದ್ ಮಾಡಿದೆ, ನಾಕನೇ ದಿನ ಮಧ್ಯಾಹ್ನ ಒಳಗಿತ್ತು. ನಮ್ಮ ಮನಿಯಾಕಿ ಅಂದ್ಲು, ಇಷ್ಟ ತಲಿ ಆಫೀಸಿನ್ಯಾಗ ಓಡಿಸಿದ್ರ ಪ್ರಮೋಷನ್ ಸಿಗ್ತಿತ್ತು ಅಂತ. ಸಿಕ್ಸ್‌ಲೈನ್ ಕಾಕಾಗ ಕೊಟ್ಟೀನಿ.

ಕೇಶ್ವಾಪುರ_ಕಾಕಾ:
ಬಂದೈತಿ, ಆರಾಮೈತಿ, ಮೊದಲ್ನೇ ದಿನಾನ ನನ್ನ ಗೋಬಿಗೆ ಜೋರ ಮಾಡಾಕತ್ತೈತಿ. ನಾಕನೇ ಕ್ಯಾಮಲ್ ತಗದೀ ಇಲ್ಲೋ?

ಉಪ್ಪುನೀರು_ಹುಬ್ಬಳ್ಳಿ:
ತಗದೆ ಕಾಕಾ. ಕಲ್ಲ ಎತ್ತಿ ತಗದೆ.

ಉಳದ ಐದು ಬಿಟ್ಟು ಇವತ್ತಿಗೆ ಐದು ವಾರ. ಮೊದಲ್ನೇ ಮೂರು ವಾರ ಏನೂ ಕಾಣ್ಲಿಲ್ಲ, ರೊಕ್ಕ ನೀರಿಗೆ ಹಾಕಿದೆ ಅಂತನ ತಿಳಕೊಂಡಿದ್ದೆ, ಅಕ್ಷರಶಃ ನೀರಿಗೆ. ನಿನ್ನೆ ರಾತ್ರಿ ಒಂದೂವರಿಗೆ ಕರೆಂಟ್ ಹೋತು, ಇನ್ವರ್ಟರ್ ನೋಡಾಕ ಎದ್ದಾಂವ ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳಿ ಸುತ್ತಿ ಟ್ಯಾಂಕಿನ ಮುಂದ ಕುಂತೆ.

ಓವರ್‌ಫ್ಲೋ ಕೆಳಗ ಒಂದ್ ದೊಡ್ಡ ಐಪ್ಟೇಸಿಯಾ ಇತ್ತು, ಎಂಟಾಣೆ ನಾಣ್ಯದಷ್ಟು ಅಗಲ. ಬರ್ಗಿಯಾ ಅದರ ಕಡೆ ಹೊಂಟಿತ್ತು, ಥೇಟ್ ನುಗ್ಗಿಗಿಡದ ಕಂಬಳಿಹುಳ ನಡದಂಗ. ಮುಂದಿನ ಎರಡ ಉದ್ದನ್ನ ಮೀಸಿ ಚಾಚಿ ಐಪ್ಟೇಸಿಯಾ ಮುಟ್ತು, ಕುಟುಕಿಸ್ಕೊಂಡು ಸಟಕ್ ಅಂತ ಹಿಂದ ಸರೀತು. ಓಡಿ ಹೋಗ್ತೈತಿ ಅನಕೊಂಡೆ. ಇಲ್ಲ. ಬೆನ್ನಿನ ಗೊಂಡೆ ಎಲ್ಲಾ ಸೆಟಿಸಿ ಮುಳ್ಳಹಂದಿ ಹಂಗ ಮಾಡಿ ಮತ್ತ ಬಂತು, ಈ ಸಲ ಮ್ಯಾಲಿಂದಲ್ಲ, ದಂಟಿನ ಬುಡಕ್ಕ ಬಾಯಿ ಹಚ್ತು. ಐಪ್ಟೇಸಿಯಾ ಬಿಳೇ ದಾರದಂಥಾವು ಹೊರಗ ಉಗಳ್ತು, ತೂತಿನ್ಯಾಗ ಹೊಕ್ಕೊಂಡ್ತು, ಬರ್ಗಿಯಾ ಅದರ ಬೆನ್ನ ಹತ್ತಿ ತೂತಿನ ಒಳಗ ಇಳೀತು! ನನ್ನ ಸೂಜಿ ಹೋಗದಲ್ಲೆ ಅದು ಹೋತ್ರಿ. ಅರ್ಧ ತಾಸಿನ ಮ್ಯಾಲೆ ಇನ್ನೆರಡು ಬಂದು ಕೂಡಿದ್ವು, ಅದರಾಗ ಒಂದು ಅಕ್ಕಿಕಾಳಿನಷ್ಟು, ಅಂದ್ರ ನಮ್ಮ ಟ್ಯಾಂಕಿನ್ಯಾಗ ಹುಟ್ಟಿದ್ದು. ಬಂದಾಗ ಬಿಳೇ ಇದ್ವು, ಐಪ್ಟೇಸಿಯಾ ಒಳಗಿನ ಪಾಚಿ ತಿಂದು ಈಗ ಚಹಾದ ಬಣ್ಣ ಆಗ್ಯಾವು. ಗಾಜಿನ ಮ್ಯಾಲೆ ಎರಡ್ ಕಡೆ ಬಿಳೇ ದಾರ ಸುತ್ತಿಟ್ಟಂಗ ಮೊಟ್ಟಿ ಸುರುಳಿನೂ ಅದಾವು.

ಬ್ಯಾಡಗಿ_ಖಾರ:
ಭಾರಿ! ಒಂದ್ ಮಾತು, ಈಗ ಟ್ಯಾಂಕಿಗೆ ಔಷಧ ಗಿವಷಧ ಹಾಕಬ್ಯಾಡ್ರಿ ಮತ್ತ. ನಮ್ಮಲ್ಲೆ ಮೆಣಸಿನ ಗಿಡಕ್ಕ ಥ್ರಿಪ್ಸ್ ನುಸಿ ಬಂತಂತ ಔಷಧ ಹೊಡದ್ರ ಅದನ್ನ ತಿನ್ನೋ ಗುಲಗಂಜಿ ಹುಳನೂ ಸಾಯ್ತಾವು, ಆಮ್ಯಾಲೆ ಥ್ರಿಪ್ಸ್ ಮೊದ್ಲಿನಕಿಂತ ಜೋರ ಬರ್ತಾವು.

ಕೇಶ್ವಾಪುರ_ಕಾಕಾ:
ಹೌದು, ಮೀನಿಗೆ ವೈಟ್ ಸ್ಪಾಟ್ ರೋಗ ಬಂದ್ರೂ ತಾಮ್ರದ ಔಷಧ ಡಿಸ್ಪ್ಲೇ ಟ್ಯಾಂಕಿಗೆ ಹಾಕಬ್ಯಾಡ, ಬ್ಯಾರೆ ಡಬ್ಬಿಯೊಳಗ ಹಿಡಿ. ತಾಮ್ರಕ್ಕ ಬರ್ಗಿಯಾ ಒಂದ ದಿನ ತಡ್ಯಾಂಗಿಲ್ಲ, ಹವಳನೂ ಅಷ್ಟ.

ಉಪ್ಪುನೀರು_ಹುಬ್ಬಳ್ಳಿ:
ಹನ್ನೊಂದನೇ ವಾರ. ಕಣ್ಣಿಗೆ ಕಾಣೋ ಐಪ್ಟೇಸಿಯಾ ನಾಕ ಉಳದಾವು, ಪಂಪಿನ ಹಿಂದ. ಜೋಯಾ ತೆರದಾವು, ಕೇಸರಿದ್ದೂ ಎರಡ್ ಹೊಸಾ ಬಾಯಿ ಬಿಟ್ಟೈತಿ. ಮೊನ್ನೆ ರಾತ್ರಿ ಎಣಿಸಿದ್ರ ಬರ್ಗಿಯಾ ದೊಡ್ಡವು ಸಣ್ಣವು ಕೂಡಿ ಇಪ್ಪತ್ಮೂರು, ಕಾಣದಾವು ಬ್ಯಾರೆ. ಗಾಜಿನ ಮ್ಯಾಲೆ ಮ್ಯಾಲೆ ಕೆಳಗ ತಿರಗಾಡಾಕತ್ತಾವು, ಮೀಸಿ ಚಾಚಿ ಹುಡಕ್ಯಾಡ್ತಾವು. ನಮ್ಮ ಮಗಳಿಗೆ ಅವು ಹಸದಾವು ಅಂತ ಗೊತ್ತಾಗೇತಿ, ದಿನಾ ಸಾಲಿಯಿಂದ ಬಂದಾಕಿನ ಪಪ್ಪಾ ಅವಕ್ಕ ಊಟ ಎಲ್ಲಿ ಅಂತಾಳ. ಕಾಕಾನ ಕಾಪರ್‌ಬ್ಯಾಂಡ್ ಕತಿ ಆಕಿಗೆ ಹೇಳಬಾರದಿತ್ತು ನಾನು.

ಅದಕ್ಕ ಈಗ ಕೇಳಾಕತ್ತೀನಿ, ನಗಬ್ಯಾಡ್ರಿ. ಹುಬ್ಬಳ್ಳಿ ಧಾರವಾಡ ಗದಗ ಹಾವೇರಿ ಯಾರ ಹತ್ರಾದ್ರೂ ಐಪ್ಟೇಸಿಯಾ ಐತೇನ್ರಿ? ಕಲ್ಲ ಸಮೇತ ಕೊಟ್ರೂ ನಡೀತೈತಿ, ಇಲ್ಲಾ ಬರ್ಗಿಯಾ ಪುಕ್ಕಟೆ ಒಯ್ಯಿರಿ.

ಕೇಶ್ವಾಪುರ_ಕಾಕಾ:
😂😂 ನನ್ನ ಸಂಪಿನ್ಯಾಗ ಹತ್ತಿಪ್ಪತ್ತು ಅದಾವು. ಹತ್ತು ಬರ್ಗಿಯಾ ನನಗ ಇಡು, ಡಿಸ್ಪ್ಲೇಗೆ ಅಲ್ಲ, ಸಂಪಿಗೆ. ಅಲ್ಲಿ ನಿನ್ನ ಸಿಕ್ಸ್‌ಲೈನ್ ಬರಂಗಿಲ್ಲ.

ಪೇಡೆನಗರಿ:
ನಾನು ಕಾಲೇಜಿನ ಪ್ರಾಕ್ಟಿಕಲ್‌ಗೆ ಎರಡು ಬರಣಿಯೊಳಗ ಐಪ್ಟೇಸಿಯಾ ಬೆಳಿಸೇನಿ, ಈಗ ನೂರರ ಮ್ಯಾಲೆ ಆಗ್ಯಾವು. ಒಂದು ಬರಣಿ ನಿಮ್ಮ ಮಗಳಿಗೆ. ಶನಿವಾರ ಹುಬ್ಬಳ್ಳಿಗೆ ಬರೋದದ, ಹಳೇ ಬಸ್ ಸ್ಟ್ಯಾಂಡ್ ಹತ್ರ ಹನ್ನೊಂದಕ್ಕ ಸಿಗ್ರಿ. ಮುಚ್ಚಳ ಗಟ್ಟಿ ಇರೋ ಡಬ್ಬಿಯೊಳಗ ಆರು ಬರ್ಗಿಯಾ ನನಗೂ ತರ್ರಿ, ಮೇಲೆ ಪೇಡೆ ಡಬ್ಬಿ ಇಡ್ತೀನಿ, ಅದಲು ಬದಲು ಆಗದಂಗ ನೋಡ್ಕೋರಿ.

ಉಪ್ಪುನೀರು_ಹುಬ್ಬಳ್ಳಿ:
ಬರ್ತೀನಿ ಮೇಡಂ. ಮಗಳೂ ಬರ್ತಾಳಂತ, ಬರಣಿ ತಾನ ಹಿಡಕೋತಾಳಂತ.